ಹಳೆಯ ಕಾರಿಗೆ ಯಾವ ಗೇರು?

ಹಳೆಯ ಮೋಟಾರು ಕಾರುಗಳನ್ನು ಹುಡುಕಿ ತಂದು, ತುಕ್ಕು ಕೆರೆದು, ಬಣ್ಣ ಬಳಿದು, ಮತ್ತೆ ರಸ್ತೆಗೆ ಇಳಿಸುವ ಹವ್ಯಾಸ ನಮ್ಮಲ್ಲಿಯೂ ಬೇರೂರಿದೆ. ಈ ಕೆಲಸಕ್ಕೆ ‘ಜೀರ್ಣೋದ್ಧಾರ’ ಎಂಬ ನಮ್ಮ ಹಳೆಯ ಮಾತೇ ಸಾಕು. ದೇವಾಲಯದ ಜೀರ್ಣೋದ್ಧಾರದಲ್ಲಿ ಏನೇನು ವಾದಗಳು ಏಳುತ್ತವೆಯೋ ಅವೆಲ್ಲ ಇಲ್ಲಿಯೂ ಏಳುತ್ತವೆ. ಬಣ್ಣ ಮೊದಲಿನದೇ ಆಗಬೇಕೆ, ಆಸನಕ್ಕೆ ಚರ್ಮವೇ ಆಗಬೇಕೆ, ದೀಪದ ಗಾಜು ಆ ಕಾಲದ್ದೇ ಸಿಕ್ಕೀತೆ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ಮಹನೀಯರನ್ನು ನಾನು ಬಲ್ಲೆ. ಆದರೆ ಕಾರಿನ ಹೊಟ್ಟೆಯಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತಿರುವ ಗೇರ್‌ಬಾಕ್ಸಿನ ವಿಷಯ ಬಂದಾಗ ಮಾತ್ರ ಅವರು ಒಂದು ನಿಮಿಷದಲ್ಲಿ ತೀರ್ಮಾನ ಕೊಟ್ಟುಬಿಡುತ್ತಾರೆ.

ತೀರ್ಮಾನ ಕೊಡುವವರಲ್ಲಿ ಎರಡು ಪಂಗಡ. ಹಳೆಯ ಕಾರೆಂದ ಮೇಲೆ ಕ್ಲಚ್ಚು ತುಳಿದು ಕೈಯಿಂದ ಗೇರು ಹಾಕಬೇಕು, ತಾನೇ ಬದಲಾಗುವ ಗೇರು ಇಂದಿನ ಸೋಮಾರಿಗಳಿಗೆ ಎನ್ನುವುದು ಒಂದು ಪಂಗಡ. ವಯಸ್ಸಾಯಿತು, ಊರಿನಲ್ಲಿ ವಾಹನಗಳ ಸಂದಣಿ ಹೆಚ್ಚಾಯಿತು, ಹಳೆಯದನ್ನು ಕಿತ್ತು ಆಟೋಮ್ಯಾಟಿಕ್ ಹಾಕಿಸಿದರೆ ಸುಖ ಎನ್ನುವುದು ಇನ್ನೊಂದು. ಮೊದಲಿನವರು ರುಚಿಯ ಮಾತನ್ನೂ ಎರಡನೆಯವರು ಸುಖದ ಮಾತನ್ನೂ ಆಡುತ್ತಾರೆ. ಇಬ್ಬರೂ ಕಾರನ್ನು ಕೇಳುವುದಿಲ್ಲ. ಯಾವ ಗೇರು ಎಂಬುದು ಮೊದಲಿಗೆ ಚರಿತ್ರೆಯ ಪ್ರಶ್ನೆ. ಕಾರು ಯಾರಿಗಾಗಿ, ಎಂಥ ಕೈಕಾಲುಗಳಿಗಾಗಿ ಹುಟ್ಟಿತೆಂಬುದನ್ನು ಹೇಳುವ ಸಾಕ್ಷಿ ಆ ಪೆಟ್ಟಿಗೆಯೇ ಎಂಬುದು ನನ್ನ ನಂಬಿಕೆ. ಅದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಎತ್ತಿನ ಗಾಡಿಗೆ ಗೇರು ಬೇಕಿಲ್ಲ. ನಿಂತಲ್ಲಿಂದಲೇ ಎತ್ತು ಮೈಯ ಬಲವನ್ನೆಲ್ಲ ನೊಗಕ್ಕೆ ಕೊಟ್ಟು ಎಳೆಯಬಲ್ಲದು. ಪೆಟ್ರೋಲು ಎಂಜಿನಿಗೆ ಆ ಶಕ್ತಿಯಿಲ್ಲ. ಅದು ಒಂದು ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಬಲ. ವೇಗ ಇಳಿದರೆ ಉಸಿರು ಕಟ್ಟಿ ನಿಂತುಹೋಗುತ್ತದೆ. ಆದ್ದರಿಂದ ಎಂಜಿನಿಗೂ ಚಕ್ರಕ್ಕೂ ನಡುವೆ ಒಬ್ಬ ಮಧ್ಯಸ್ಥ ಬೇಕಾಯಿತು. ಫ್ರಾನ್ಸಿನ ಪಾನಾರ್ ಮತ್ತು ಲವಾಸೋರ್ ಕಂಪನಿಯ ಎಮಿಲ್ ಲವಾಸೋರ್ 1891ರಲ್ಲಿ ಎಂಜಿನನ್ನು ಮುಂದಕ್ಕಿಟ್ಟು, ಅದರ ಹಿಂದೆ ಕ್ಲಚ್ಚು, ಕ್ಲಚ್ಚಿನ ಹಿಂದೆ ಒಂದರ ಪಕ್ಕಕ್ಕೊಂದು ಸರಿದು ಕಚ್ಚಿಕೊಳ್ಳುವ ಹಲ್ಲುಚಕ್ರಗಳನ್ನು ಜೋಡಿಸಿದ. ‘ಒರಟು, ಆದರೆ ಕೆಲಸ ನಡೆಯುತ್ತದೆ’ ಎಂಬ ಅರ್ಥದ ಮಾತೊಂದು ಅವನ ಹೆಸರಿನಲ್ಲಿ ಉಳಿದುಕೊಂಡು ಬಂದಿದೆ. ಮಾತು ಅವನದಾಗಿರಲಿ ಬಿಡಲಿ, ವರ್ಣನೆಯಂತೂ ನಿಜ. ತಿರುಗುತ್ತಿರುವ ಎರಡು ಹಲ್ಲುಚಕ್ರಗಳನ್ನು ಒಂದಕ್ಕೊಂದು ತಳ್ಳಿದರೆ ಆಗುವ ಕರಕರ ಸದ್ದನ್ನು ಒಮ್ಮೆ ಕೇಳಿದವರು ಮರೆಯಲಾರರು.

ಆ ಸದ್ದನ್ನು ತಪ್ಪಿಸಲು ಡ್ರೈವರು ಒಂದು ವಿದ್ಯೆ ಕಲಿಯಬೇಕಾಗಿತ್ತು. ಕ್ಲಚ್ಚು ತುಳಿದು ಗೇರನ್ನು ನಡುವಿಗೆ ತಂದು, ಕ್ಲಚ್ಚು ಬಿಟ್ಟು, ಎಂಜಿನಿನ ವೇಗವನ್ನು ಕಿವಿಯಿಂದಲೇ ಅಳೆದು ಸರಿಮಾಡಿ, ಮತ್ತೆ ಕ್ಲಚ್ಚು ತುಳಿದು ಮುಂದಿನ ಗೇರಿಗೆ ಹೋಗುವ ಕ್ರಮ ಅದು. ‘ಡಬಲ್ ಕ್ಲಚ್’ ಎಂದು ನಮ್ಮ ಹಳೆಯ ಬಸ್ಸು ಲಾರಿಗಳ ಡ್ರೈವರುಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದುದು ಇದನ್ನೇ. ಆ ಕಾಲದ ಕಾರು ಓಡಿಸುವುದೆಂದರೆ ತಬಲ ನುಡಿಸಿದ ಹಾಗೆ. ತಾಳ ತಪ್ಪಿದರೆ ಸಭೆಗೆಲ್ಲ ಗೊತ್ತಾಗುತ್ತಿತ್ತು.

ಈ ವಿದ್ಯೆ ಎಲ್ಲರಿಗೂ ಬಾರದು ಎಂಬುದನ್ನು ಬೇಗನೆ ಕಂಡುಕೊಂಡವನು ಹೆನ್ರಿ ಫೋರ್ಡ್. 1908ರಿಂದ 1927ರ ವರೆಗೆ ಒಂದೂವರೆ ಕೋಟಿಗೂ ಮಿಕ್ಕು ತಯಾರಾದ ಅವನ ‘ಮಾಡೆಲ್ ಟಿ’ ಕಾರಿನಲ್ಲಿ ಸರಿಯುವ ಹಲ್ಲುಚಕ್ರಗಳಿರಲಿಲ್ಲ. ಒಂದು ಚಕ್ರದ ಸುತ್ತ ಬೇರೆ ಚಕ್ರಗಳು ಗ್ರಹಗಳಂತೆ ಸುತ್ತುವ, ಯಾವಾಗಲೂ ಕಚ್ಚಿಕೊಂಡೇ ಇರುವ ಏರ್ಪಾಡು ಅದರದು. ಮುಂದಕ್ಕೆ ಎರಡೇ ಗೇರು; ಅವೂ ಕಾಲಿನಿಂದ. ಎಡಗಾಲ ಪೆಡಲನ್ನು ಪೂರ್ತಿ ತುಳಿದರೆ ಮೊದಲನೆಯದು, ಬಿಟ್ಟರೆ ಎರಡನೆಯದು. ನಡುವಿನ ಪೆಡಲು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕು. ಪೆಟ್ರೋಲು ಹೆಚ್ಚಿಸುವುದು ಕೈಯಿಂದ. ಇಂದು ಹತ್ತು ಕಾರು ಓಡಿಸಿ ಬಲ್ಲವನೂ ಮಾಡೆಲ್ ಟಿಯಲ್ಲಿ ಕುಳಿತರೆ ಶಿಶುವಾಗುತ್ತಾನೆ. ಹಳೆಯ ಕಾರಿಗೆಲ್ಲ ಮೂರು ಪೆಡಲು, ಒಂದು ಗೇರು ಕೋಲು ಎಂದುಕೊಂಡವರು ಮೊದಲು ಎಡವುವುದು ಇಲ್ಲಿ. ಕೈಯಿಂದ ಗೇರು ಹಾಕುವುದೇ ಸನಾತನ ಎಂಬ ಮಾತಿಗೆ ಚರಿತ್ರೆಯ ಬೆಂಬಲವಿಲ್ಲ.

ಮುಂದಿನ ಕಥೆಯಲ್ಲಿ ನನಗೆ ತುಂಬ ಹಿಡಿಸಿದ ವ್ಯಕ್ತಿ ಅರ್ಲ್ ಥಾಂಪ್ಸನ್ ಎಂಬ ಅಮೆರಿಕದ ಎಂಜಿನಿಯರು. ಕಚ್ಚಿಕೊಳ್ಳುವ ಮೊದಲೇ ಎರಡು ಚಕ್ರಗಳ ವೇಗವನ್ನು ಸಮ ಮಾಡುವ ‘ಸಿಂಕ್ರೊಮೆಶ್’ ಎಂಬ ಉಪಾಯ ಅವನದು. 1928ರಲ್ಲಿ ಹೊರಬಂದ ಕ್ಯಾಡಿಲಾಕ್ ಕಾರಿನಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಅಂದಿನಿಂದ ಡಬಲ್ ಕ್ಲಚ್ಚಿನ ವಿದ್ಯೆ ನಿಧಾನವಾಗಿ ಅನಾವಶ್ಯಕವಾಗುತ್ತ ಹೋಯಿತು. ಕೈಗೇರನ್ನು ಹೀಗೆ ಮೃದುಗೊಳಿಸಿದ ಅದೇ ಮನುಷ್ಯ, ಆಮೇಲೆ ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಕೈಗೇರನ್ನೇ ಬೇಡವಾಗಿಸುವ ‘ಹೈಡ್ರಮ್ಯಾಟಿಕ್’ ಯಂತ್ರದ ಕೆಲಸಕ್ಕೆ ಮುಂದಾಳಾದ. ನಮ್ಮ ಎರಡು ಪಂಗಡದವರೂ ಬೈದಾಡುವಾಗ, ಇಬ್ಬರ ದೇವರೂ ಒಬ್ಬನೇ ಎಂಬುದನ್ನು ನೆನೆಯುವುದು ಒಳ್ಳೆಯದು.

ಹೈಡ್ರಮ್ಯಾಟಿಕ್ಕಿನ ಮೂಲ ಹಡಗಿನಲ್ಲಿದೆ. ಉಗಿ ಟರ್ಬೈನಿನ ಅತಿವೇಗವನ್ನು ಹಡಗಿನ ನಿಧಾನವಾದ ಪ್ರೊಪೆಲ್ಲರಿಗೆ ಒಗ್ಗಿಸಲು ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಒಂದು ಪೇಟೆಂಟು ಪಡೆದ. ಎರಡು ಬೀಸಣಿಗೆಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ತಿರುಗಿಸಿದರೆ ಗಾಳಿಯ ತಳ್ಳಾಟಕ್ಕೆ ಇನ್ನೊಂದೂ ತಿರುಗುತ್ತದಲ್ಲವೆ? ಗಾಳಿಯ ಬದಲು ದ್ರವ ತುಂಬಿದರೆ ಅವನ ಯಂತ್ರದ ತತ್ತ್ವ ತಿಳಿದಂತೆ. ಇದನ್ನೂ ಗ್ರಹಚಕ್ರಗಳನ್ನೂ ಕೂಡಿಸಿ, ವೇಗ ಮತ್ತು ಭಾರಕ್ಕೆ ತಕ್ಕಂತೆ ಎಣ್ಣೆಯ ಒತ್ತಡವೇ ಗೇರು ಬದಲಿಸುವಂತೆ ಮಾಡಿದುದು ಹೈಡ್ರಮ್ಯಾಟಿಕ್. 1939ರ ಕೊನೆಗೆ, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿನೊಡನೆ ಅದು ಮಾರಾಟಕ್ಕೆ ಬಂತು. ಕ್ಲಚ್ಚಿನ ಪೆಡಲು ಇಲ್ಲವೇ ಇಲ್ಲ.

ಅಷ್ಟರಲ್ಲಿ ಯುದ್ಧ. ಎರಡು ಕ್ಯಾಡಿಲಾಕ್ ಎಂಜಿನುಗಳೊಂದಿಗೆ ಹೈಡ್ರಮ್ಯಾಟಿಕ್ ಪೆಟ್ಟಿಗೆಗಳು ಅಮೆರಿಕದ ಹಗುರ ಟ್ಯಾಂಕುಗಳ ಒಳಗೆ ಕುಳಿತವು. ಯುದ್ಧ ಮುಗಿದ ಮೇಲೆ, ಕೈಕಾಲು ಕಳೆದುಕೊಂಡು ಬಂದ ಸೈನಿಕರಿಗೆ ಕಾರು ಕೊಳ್ಳಲು ಅಮೆರಿಕದ ಸರಕಾರ 1946ರಲ್ಲಿ ಧನಸಹಾಯ ಮಂಜೂರು ಮಾಡಿತು. ಎಡಗಾಲು ಇಲ್ಲದವನು ಕ್ಲಚ್ಚನ್ನು ಹೇಗೆ ತುಳಿದಾನು? ತಾನೇ ಬದಲಾಗುವ ಗೇರು ಅಂಥವರಿಗೆ ರಸ್ತೆಯನ್ನು ಮರಳಿ ಕೊಟ್ಟಿತು. ಅದನ್ನು ಸೋಮಾರಿಗಳ ಗೇರೆಂದು ಹಗುರವಾಗಿ ಕರೆಯುವವರು ಈ ಅಧ್ಯಾಯವನ್ನು ಓದಿರಲಾರರು.

ಆಮೇಲೆ ಅದು ನೆರೆಯಂತೆ ಹರಡಿತು. 1948ರಲ್ಲಿ ಬ್ಯೂಕ್ ಕಾರಿಗೆ ‘ಡೈನಾಫ್ಲೋ’, 1950ರಲ್ಲಿ ಷೆವರ್ಲೆಗೆ ಎರಡು ಗೇರಿನ ‘ಪವರ್‌ಗ್ಲೈಡ್’, 1951ರಲ್ಲಿ ಫೋರ್ಡಿನವರ ‘ಫೋರ್ಡೊಮ್ಯಾಟಿಕ್’. ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿಯೂ ಹೈಡ್ರಮ್ಯಾಟಿಕ್ಕಿಗೆ ಹಕ್ಕು ಪಡೆದು 1952ರಿಂದ ತನ್ನ ಕಾರುಗಳಿಗೆ ಅಳವಡಿಸತೊಡಗಿತು. 1955ರ ‘ಸಿಲ್ವರ್ ಕ್ಲೌಡ್’ ಕಾರು ಹುಟ್ಟಿದ್ದೇ ಈ ಗೇರಿನೊಂದಿಗೆ. ಅದರಲ್ಲಿ ಒಂದು ಸೂಕ್ಷ್ಮವುಂಟು. ಬ್ರೇಕಿಗೆ ಬಲ ತುಂಬುವ ಸಾಧನ ಆ ಕಾರಿನಲ್ಲಿ ಗೇರ್‌ಬಾಕ್ಸಿನ ಮಗ್ಗುಲಲ್ಲಿದ್ದು, ಗೇರ್‌ಬಾಕ್ಸಿನಿಂದಲೇ ತಿರುಗುತ್ತದೆ. ಕೈಗೇರಿನ ವ್ಯಾಮೋಹಕ್ಕೆ ಬಿದ್ದು ಆ ಪೆಟ್ಟಿಗೆಯನ್ನು ಕಿತ್ತವನು ಬ್ರೇಕಿನ ಬಲವನ್ನೂ ಕಿತ್ತ ಹಾಗೆ. ಯಂತ್ರದಲ್ಲಿಯೂ ನೆಂಟಸ್ತನಗಳಿವೆ, ಒಬ್ಬರನ್ನು ಮನೆಯಿಂದ ಹೊರಹಾಕಿದರೆ ಇನ್ನೊಬ್ಬರು ಮುನಿಯುತ್ತಾರೆ.

ಆಟದ ಕಾರುಗಳ ವಿಷಯದಲ್ಲಾದರೂ ಕೈಗೇರೇ ಮೂಲ ಎನ್ನಬಹುದೆ? ಅಮೆರಿಕದ ಹೆಸರಾಂತ ‘ಕಾರ್ವೆಟ್’ 1953ರಲ್ಲಿ ಮೊದಲು ಬಂದಾಗ ತಯಾರಾದುದು 300 ಕಾರುಗಳು. ಎಲ್ಲವೂ ಬಿಳಿ, ಎಲ್ಲಕ್ಕೂ ಎರಡು ಗೇರಿನ ಪವರ್‌ಗ್ಲೈಡ್. ಕೈಗೇರು ಅದಕ್ಕೆ ಬಂದುದು 1955ರಲ್ಲಿ. ಆ ಮೊದಲ ಮುನ್ನೂರರಲ್ಲಿ ಒಂದಕ್ಕೆ ಯಾರಾದರೂ ‘ಮೂಲಕ್ಕೆ ನಿಷ್ಠೆ’ ಎಂದು ಕೈಗೇರು ಹಾಕಿದರೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಇಂಗ್ಲೆಂಡಿನ ಜಾಗ್ವಾರ್ ‘ಇ ಟೈಪ್’ ಕಾರಿನದು ಇದಕ್ಕೆ ತಿರುಗುಮುರುಗು. 1961ರಲ್ಲಿ ಅದು ಬಂದುದು ನಾಲ್ಕು ಗೇರಿನ ಬಿರುಸಾದ ಪೆಟ್ಟಿಗೆಯೊಡನೆ. ಮೊದಲನೆಯ ಗೇರಿಗೆ ಸಿಂಕ್ರೊಮೆಶ್ ಸಹ ಇರಲಿಲ್ಲ. ಆಟೋಮ್ಯಾಟಿಕ್ ದೊರೆತುದು 1966ರಲ್ಲಿ, ಹಿಂದೆಯೂ ಆಸನವಿದ್ದ ಉದ್ದನೆಯ ಮಾದರಿಗೆ. 1961ರ ಕಾರಿಗೆ ಆಟೋಮ್ಯಾಟಿಕ್ ಹಾಕುವುದೂ 1953ರ ಕಾರ್ವೆಟ್ಟಿಗೆ ಕೈಗೇರು ಹಾಕುವುದೂ ಒಂದೇ ತೂಕದ ತಪ್ಪು.

ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರಿಗೆ ಈ ಕಷ್ಟ ಹೊಸದಲ್ಲ. ಓಲೆಗರಿಯಲ್ಲಿ ಕಠಿಣವಾದ ಪದವೊಂದಿದ್ದರೆ, ಓದುಗರಿಗೆ ಸುಲಭವಾಗಲೆಂದು ಅದನ್ನು ತಿದ್ದಿಬಿಡುವ ಆಸೆ ಲಿಪಿಕಾರನಿಗೆ. ಒಳ್ಳೆಯ ಸಂಪಾದಕ ತಿದ್ದುವುದಿಲ್ಲ. ಕಠಿಣವಾದುದನ್ನು ಹಾಗೆಯೇ ಇಟ್ಟು, ಪಾಠಾಂತರವನ್ನು ಅಡಿಯಲ್ಲಿ ಕೊಡುತ್ತಾನೆ. ಕಾರಿನ ಜೀರ್ಣೋದ್ಧಾರವೂ ಒಂದು ಬಗೆಯ ಗ್ರಂಥಸಂಪಾದನೆಯೇ. ಪಾಠಾಂತರಗಳೂ ಇಲ್ಲಿ ಉಂಟು. 1953ರ ಆಗಸ್ಟ್ 12ರಂದು ಮಿಷಿಗನ್ ರಾಜ್ಯದ ಲಿವೋನಿಯಾದಲ್ಲಿದ್ದ ಹೈಡ್ರಮ್ಯಾಟಿಕ್ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಪೆಟ್ಟಿಗೆಗಳು ಇಲ್ಲದೆ ಕಾರುಗಳು ನಿಂತವು. ಆಗ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೀಲ್‌ನವರು ಕೆಲವು ಕಾರುಗಳಿಗೆ ಬ್ಯೂಕಿನ ಡೈನಾಫ್ಲೋ ಹಾಕಿದರು, ಪಾಂಟಿಯಾಕ್‌ನವರು ಷೆವರ್ಲೆಯ ಪವರ್‌ಗ್ಲೈಡ್ ಹಾಕಿದರು. ಇಂದು ಅಂಥ ಕ್ಯಾಡಿಲಾಕ್ ಒಂದು ಕೈಗೆ ಸಿಕ್ಕಿದವನು, ಇದರಲ್ಲಿ ಬ್ಯೂಕಿನ ಪೆಟ್ಟಿಗೆ ಯಾರೋ ತುರುಕಿದ್ದಾರೆ ಎಂದು ಕಿತ್ತುಹಾಕಿ ‘ಸರಿಯಾದ’ ಹೈಡ್ರಮ್ಯಾಟಿಕ್ ಹಾಕಿದರೆ, ಆ ಬೆಂಕಿಯ ಕಥೆಯನ್ನೇ ಕಾರಿನಿಂದ ಅಳಿಸಿದ ಹಾಗಾಗುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮ ಎರಡು ತಲೆಮಾರಿನವರು ಡ್ರೈವಿಂಗ್ ಕಲಿತುದು ಬಹುಮಟ್ಟಿಗೆ ಅಂಬಾಸಡರ್ ಮತ್ತು ಫಿಯೆಟ್ ಕಾರುಗಳಲ್ಲಿ. ಸ್ಟೀರಿಂಗಿನ ಪಕ್ಕದ ಹಿಡಿಯನ್ನು ಎಳೆದು ತಳ್ಳಿ ಗೇರು ಹಾಕಿದವರು ಅವರೆಲ್ಲ. ಅಮೆರಿಕದ ಕಾರುಗಳು ಅದಕ್ಕೂ ಮೊದಲಿನವು. ಜನರಲ್ ಮೋಟಾರ್ಸ್ ಕಂಪನಿ 1928ರಿಂದ ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸಿ ಮಾರುತ್ತಿದ್ದು, 1954ರಲ್ಲಿ ಆ ಕಾರ್ಖಾನೆಯನ್ನು ಮುಚ್ಚಿತು. ಹೊರಗಿನಿಂದ ಸಾಮಾನು ತರಿಸುವುದು ಆಮೇಲೆ ದಶಕಗಳ ಕಾಲ ದುರ್ಲಭವಾಗಿತ್ತು. ಕ್ಲಚ್ಚಿಲ್ಲದೆ ಬಂದ ಒಂದೊಂದು ಕಾರೂ ಹೀಗೆ ಅನಾಥವಾಯಿತು. ಪೆಟ್ಟಿಗೆ ಕೆಟ್ಟರೆ ತಿಳಿದವರಿಲ್ಲ, ಸಾಮಾನಿಲ್ಲ. ಕಿತ್ತು ಜೀಪಿನ ಗೇರ್‌ಬಾಕ್ಸು ಕೂರಿಸುವುದೇ ದಾರಿಯಾಗಿತ್ತು. ಹಾಗೆ ಮಾಡಿದ ಮೇಸ್ತ್ರಿಗಳನ್ನು ನಾನು ಹಳಿಯಲಾರೆ. ಕಾರು ಉಳಿದುದೇ ಅವರ ಕೈಚಳಕದಿಂದ.

ಮೈಸೂರಿನಲ್ಲಿರುವ ನನ್ನ ಮಿತ್ರರೊಬ್ಬರ ಬಳಿ 1953ರ ಒಂದು ಷೆವರ್ಲೆ ಇದೆ. ಊರಿಗೆ ಮರಳುತ್ತಿದ್ದ ವಿದೇಶೀಯರೊಬ್ಬರಿಂದ ಅವರ ತಂದೆ ಕೊಂಡದ್ದು. ಬಹುಕಾಲ ಷೆಡ್ಡಿನಲ್ಲಿ ನಿಂತಿದ್ದ ಅದನ್ನು ಕೆಲವು ವರ್ಷಗಳ ಹಿಂದೆ ಎಬ್ಬಿಸುವ ಮನಸ್ಸಾಯಿತು. ಎಂಜಿನು ಬೇಗ ಒಲಿಯಿತು, ಪವರ್‌ಗ್ಲೈಡ್ ಒಲಿಯಲಿಲ್ಲ. ಎಣ್ಣೆ ಸೋರುತ್ತಿತ್ತು, ಕಾರು ಮುಂದಕ್ಕೆ ಹೋಗಲು ಒಪ್ಪುತ್ತಿರಲಿಲ್ಲ. ನಾನು ಹೋದ ದಿನ ವೃದ್ಧ ಮೇಸ್ತ್ರಿಯೊಬ್ಬರು ಕಾರಿನ ಅಡಿಯಿಂದ ಎದ್ದು ಬಂದು ಕೈ ಒರೆಸಿಕೊಳ್ಳುತ್ತ, “ಸ್ವಾಮಿ, ಈ ಪೆಟ್ಟಿಗೆ ಒಳಗೆ ಏನಿದೆ ಅಂತ ದೇವರಿಗೇ ಗೊತ್ತು. ಜೀಪಿನ ಬಾಕ್ಸು ಕೂರಿಸಿಬಿಡ್ತೀನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತೊಂದರೆ ಇರಲ್ಲ” ಎಂದರು. ಮಿತ್ರರು ನನ್ನ ಮುಖ ನೋಡಿದರು.

ನಾನು ನನಗೆ ತಿಳಿದಷ್ಟು ಹೇಳಿದೆ. ಆ ವರ್ಷದ ಷೆವರ್ಲೆಯಲ್ಲಿ ಪವರ್‌ಗ್ಲೈಡ್ ಇದ್ದ ಕಾರಿಗೂ ಕೈಗೇರಿನ ಕಾರಿಗೂ ಎಂಜಿನೇ ಬೇರೆ: ಇದರದು 115 ಅಶ್ವಶಕ್ತಿ, ಅದರದು 108. ಹಿಂದಿನ ಅಚ್ಚಿನ ಹಲ್ಲಿನ ಲೆಕ್ಕವೂ ಬೇರೆ. 1954ರ ವರೆಗಿನ ಷೆವರ್ಲೆಗಳಲ್ಲಿ ಹಿಂದಿನ ಅಚ್ಚಿಗೆ ಹೋಗುವ ದಂಡ ಒಂದು ಕೊಳವೆಯೊಳಗೆ ಮುಚ್ಚಿಕೊಂಡಿದ್ದು, ಆ ಕೊಳವೆ ಗೇರ್‌ಬಾಕ್ಸಿಗೇ ಅಂಟಿಕೊಂಡಿದೆ. ಜೀಪಿನ ಪೆಟ್ಟಿಗೆ ಬರಬೇಕಾದರೆ ಇದೆಲ್ಲವನ್ನೂ ಕೊಯ್ಯಬೇಕು, ಕ್ಲಚ್ಚಿನ ಪೆಡಲಿಗೆ ನೆಲ ಕೊರೆಯಬೇಕು. ಕೊನೆಗೆ ಕಾರಿನ ಹಿಂಬದಿ ಮುಚ್ಚಳದ ಮೇಲೆ ಹೊಳೆಯುವ ‘ಪವರ್‌ಗ್ಲೈಡ್’ ಎಂಬ ಅಕ್ಷರಗಳು ಸುಳ್ಳಾಗುತ್ತವೆ.

ಮಿತ್ರರು ಎಲ್ಲವನ್ನೂ ಕೇಳಿದರು. ಮನಸ್ಸು ಅತ್ತಿತ್ತ ಆಗುತ್ತಿದ್ದುದು ಕಾಣುತ್ತಿತ್ತು. ಈ ಕಾರನ್ನು ಮನೆಯಲ್ಲಿ ಯಾರು ಓಡಿಸುತ್ತಿದ್ದರು ಎಂದು ನಾನು ಸುಮ್ಮನೆ ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ನಮ್ಮಮ್ಮ. ಚಿಕ್ಕಂದಿನ ಜ್ವರದಲ್ಲಿ ಎಡಗಾಲು ಸೋತುಹೋಗಿತ್ತು. ಬೇರೆ ಯಾವ ಕಾರನ್ನೂ ಅವರು ಓಡಿಸಲಿಲ್ಲ. ಇದರಲ್ಲೇ ನನ್ನನ್ನು ಶಾಲೆಗೆ ಬಿಡುತ್ತಿದ್ದರು.”

ಮೇಸ್ತ್ರಿಗಳು ಇದನ್ನು ಕೇಳಿಸಿಕೊಂಡರು. “ಹಾಗಾದರೆ ಬೇಡ ಸ್ವಾಮಿ. ಪುಸ್ತಕ ತರಿಸಿ, ಬಿಚ್ಚೋಣ” ಎಂದರು. ಕಂಪನಿಯವರು ಆ ಕಾಲದಲ್ಲಿ ಅಚ್ಚು ಹಾಕಿಸಿದ್ದ ರಿಪೇರಿ ಪುಸ್ತಕ ಸಿಕ್ಕಿತು. ಹೊಸ ಸೀಲುಗಳು, ಕ್ಲಚ್ಚಿನ ಬಿಲ್ಲೆಗಳು ಅಮೆರಿಕದಿಂದ ಬಂದವು. ಹಳೆಯ ಪಂಚೆಯೊಂದನ್ನು ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲಿಯೇ ಇಟ್ಟು, ಪಕ್ಕದಲ್ಲಿ ಸೀಮೆಸುಣ್ಣದಿಂದ ಅಂಕಿ ಬರೆದರು. ಒಳಗಿನ ಲೋಹಕ್ಕೆ ಏನೂ ಆಗಿರಲಿಲ್ಲ. ರಬ್ಬರು ಮಾತ್ರ ಒಣಗಿ ಕಲ್ಲಾಗಿತ್ತು. ಈಗ ಆ ಕಾರು ನಡೆಯುತ್ತದೆ. ಸ್ಟೀರಿಂಗಿನ ಮೇಲಿನ ಅಕ್ಷರಗಳ ಸಾಲು ಪಿ, ಎನ್, ಡಿ, ಎಲ್, ಆರ್. ಇಂದಿನ ಕಾರುಗಳ ಕ್ರಮವೇ ಬೇರೆಯಾದ್ದರಿಂದ ಹೊಸಬರು ಕೂತರೆ ಜೋಪಾನವಾಗಿರಬೇಕು. ಚಾಮುಂಡಿ ಬೆಟ್ಟವನ್ನು ‘ಎಲ್’ನಲ್ಲಿ ನಿಧಾನವಾಗಿ ಹತ್ತುತ್ತದೆ. ಅವಸರದವರಿಗೆ ಅದು ಹೇಳಿಸಿದ ಕಾರಲ್ಲ.

ಹಾಗಾದರೆ ಬದಲಾವಣೆಯೇ ಕೂಡದೆಂದು ನನ್ನ ಹಟವೆ? ಅಲ್ಲ. ಕೈಗೇರಿನೊಡನೆ ಹುಟ್ಟಿದ ಕಾರನ್ನು ನಲವತ್ತು ವರ್ಷ ಪ್ರೀತಿಯಿಂದ ಓಡಿಸಿದವನ ಮಂಡಿ ಸೋತಿತೆನ್ನಿ. ಕಾರನ್ನು ಮಾರು, ಇಲ್ಲವೆ ನೋಡುತ್ತ ಕೂರು ಎಂದು ಅವನಿಗೆ ಹೇಳುವ ಕ್ರೌರ್ಯ ನನ್ನಲ್ಲಿಲ್ಲ. ಎಡಗಾಲು ಸೋತ ತಾಯಿಗೆ ಸಲ್ಲುವ ನ್ಯಾಯ ಅವನಿಗೂ ಸಲ್ಲಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ‘ಟ್ಯೂರಿನ್ ಸನ್ನದು’ ಇದಕ್ಕೆ ಒಂದು ದಾರಿ ತೋರಿಸಿದೆ. ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ಜಾಡಿನಲ್ಲಿ ಬಂದದ್ದು ಅದು. ಮಾರ್ಪಾಡು ಅನಿವಾರ್ಯವಾದರೆ ಅದು ಕಣ್ಣಿಗೆ ಹೊಡೆಯದಂತಿರಲಿ, ಮತ್ತೆ ಹಿಂದಕ್ಕೆ ತರಬಹುದಾದಂತಿರಲಿ, ತೆಗೆದ ಮೂಲ ಭಾಗಗಳು ವಾಹನದ ಜೊತೆಯಲ್ಲಿಯೇ ಉಳಿಯಲಿ ಎಂಬುದು ಅದರ ಸಾರ. ಚೌಕಟ್ಟನ್ನು ಕೊಯ್ಯದೆ, ಮೊದಲಿನ ಬೋಲ್ಟಿನ ತೂತುಗಳನ್ನೇ ಬಳಸಿ ಹೊಸ ಪೆಟ್ಟಿಗೆ ಕೂರುವುದಾದರೆ ಕೂರಿಸಲಿ. ಹಳೆಯದನ್ನು ಎಣ್ಣೆ ಸವರಿ, ಚೀಟಿ ಅಂಟಿಸಿ, ಅಟ್ಟದಲ್ಲಿಡಲಿ. ಅದು ಸಂಪಾದಕನ ಅಡಿಟಿಪ್ಪಣಿಯಿದ್ದಂತೆ. ಮುಂದೆ ಬರುವವನಿಗೆ ಮೂಲಪಾಠ ಅಲ್ಲಿ ಸಿಗುತ್ತದೆ. ಗುಜರಿಗೆ ಹಾಕಿದರೆ ಮಾತ್ರ ಅನ್ಯಾಯ.

ನಮ್ಮ ದೇಶದ ಕಾನೂನೂ ಈಗ ಇತ್ತ ಕಣ್ಣು ಹಾಯಿಸಿದೆ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು, ಐವತ್ತು ವರ್ಷಕ್ಕೂ ಹಳೆಯದಾದ, ಮೂಲರೂಪದಲ್ಲಿ ಉಳಿದು ಹೆಚ್ಚಿನ ಮಾರ್ಪಾಡಿಗೆ ಒಳಗಾಗದ ಕಾರು ಮತ್ತು ಬೈಕುಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ತಂದವು. ಇದು ಒಳ್ಳೆಯದೇ. ಆದರೆ ಕಾನೂನಿನ ಕಣ್ಣು ಮುಖ್ಯವಾಗಿ ಕಾಣುವುದು ಹೊರಗಿನ ಆಕಾರವನ್ನು. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹದಲ್ಲಾಗಲಿ ಬೇರೆಲ್ಲಾಗಲಿ, ನಿಂತ ಕಾರನ್ನು ನೋಡಿ ಅದರ ಗೇರ್‌ಬಾಕ್ಸು ಯಾವುದೆಂದು ಹೇಳುವುದು ನಮಗೆ ನಿಮಗೆ ಸಾಧ್ಯವಿಲ್ಲ. ಅದನ್ನು ಬಲ್ಲವನು ಕಾರಿನ ಒಡೆಯ, ಇಲ್ಲವೆ ಮೇಸ್ತ್ರಿ. ಯಾರೂ ನೋಡದ ಕಡೆ ಪ್ರಾಮಾಣಿಕನಾಗಿರುವ ಭಾರ ಅವರಿಬ್ಬರ ಮೇಲೆ ಬೀಳುತ್ತದೆ.

ನಿಮ್ಮ ಮನೆಯ ಷೆಡ್ಡಿನಲ್ಲಿ ಇಂಥದೊಂದು ಕಾರು ಧೂಳು ತಿನ್ನುತ್ತಿದ್ದರೆ, ಗೇರಿನ ಬಗ್ಗೆ ನಿರ್ಧರಿಸುವ ಮೊದಲು ಒಂದೆರಡು ಕೆಲಸ ಮಾಡಿ. ಪೆಟ್ಟಿಗೆಯ ಮೇಲೆ ಒತ್ತಿರುವ ಅಂಕಿಗಳನ್ನು ಒರೆಸಿ ಓದಿ ಬರೆದಿಡಿ. ಪೆಡಲುಗಳನ್ನು ಎಣಿಸಿ, ಯಾವ ಪೆಡಲಿನ ರಬ್ಬರು ಹೆಚ್ಚು ಸವೆದಿದೆ ನೋಡಿ. ಆ ಕಾರನ್ನು ಓಡಿಸಿದವರು ಇನ್ನೂ ಬದುಕಿದ್ದರೆ ಹೋಗಿ ಮಾತಾಡಿಸಿ. ಇಲ್ಲವಾದರೆ ಪಕ್ಕದಲ್ಲಿ ಕುಳಿತಿದ್ದವರನ್ನು ಕೇಳಿ. ಮೇಸ್ತ್ರಿಗೆ ಹೇಳಿಕಳುಹಿಸುವುದು ಅದಾದ ಮೇಲೆ.